ಐದರ ಮೇಲೆ ನಿಂತವನು

ಯಾರಿಗೂ ಹೊಡೆಯದೆ ಇರುವುದು. ಆ ವಸಂತದಲ್ಲಿ ಆಸ್ಗರ್ ಮಾಡಬೇಕಾಗಿದ್ದದ್ದು ಇಷ್ಟೇ. ಆಗಸ್ಟ್ ಬಂದರೆ ಅವನು ಓಲ್ಬೋರ್ಗಿನ ಶಾಲೆಗೆ ಹೋಗುತ್ತಾನೆ, ಮಾಂಸ ಕೊಯ್ಯುವ ಯಂತ್ರಗಳನ್ನು ನಡೆಸಲು ಕಲಿಯುತ್ತಾನೆ, ಮತ್ತೆಂದೂ ಚೂರಿ ಹಿಡಿಯಬೇಕಾಗಿಲ್ಲ. ಅಲ್ಲಿಯವರೆಗೆ ಸುಮ್ಮನಿರಬೇಕು. ಡೆನ್ಮಾರ್ಕಿನ ಆ ಹಂದಿ ಕಸಾಯಿಖಾನೆಯಲ್ಲಿ ಬೇರೆ ನಿಯಮಗಳಿಗೆಲ್ಲ ಸಂದುಗೊಂದುಗಳಿದ್ದವು, ಒಂದಕ್ಕೆ ಮಾತ್ರ ಇರಲಿಲ್ಲ: ಎಲ್ಲರ ಕೈಯಲ್ಲೂ ಚೂರಿ ಇರುವ ಜಾಗದಲ್ಲಿ ಯಾರ ಮೇಲಾದರೂ ಕೈಮಾಡಿದವನು ಅವತ್ತೇ ಕೆಲಸ ಕಳೆದುಕೊಂಡು ಮನೆಗೆ. ಯಾಕೆ ಹೊಡೆದೆ ಎಂದೂ ಕೇಳುವುದಿಲ್ಲ. ಇದು ಆಸ್ಗರನಿಗೆ ಗೊತ್ತಿತ್ತು. ಅವನ ಜೊತೆ ಮೂಳೆ ಬಿಡಿಸುವವರಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಶುರುವಾದದ್ದು ಊಟದ ಕೋಣೆಯ ನೆಲಕ್ಕೆ ಅಂಟಿಸಿದ ಒಂದು ಹಳದಿ ಪಟ್ಟಿಯಿಂದ.

ವರ್ಷಕ್ಕೊಮ್ಮೆ ನೌಕರನನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ಬೆಳವಣಿಗೆ ಎಲ್ಲಿಗೆ ಬಂತು ಎಂದು ಕೇಳುವ ಮಾತುಕತೆಗೆ ಡೇನಿಶ್‌ನಲ್ಲಿ ಉದ್ದನೆಯ ಹೆಸರಿದೆ. ಅದರ ಮೊದಲಕ್ಷರಗಳನ್ನು ಕೂಡಿಸಿದರೆ ‘ಇಲಿ’ ಎಂದಾಗುತ್ತದೆ. ಹಾಗಾಗಿ ಎಲ್ಲರೂ ಅದನ್ನು ಇಲಿ ಎಂದೇ ಕರೆಯುತ್ತಿದ್ದರು. ನಿನ್ನ ಇಲಿ ಆಯ್ತಾ, ಈ ಸಲದ ಇಲಿ ಕಚ್ಚಿತಾ, ಎಂದು. ಹಿಂದೆಲ್ಲ ಮೇಸ್ತ್ರಿಯೇ ನಿಂತ ನಿಲುವಿನಲ್ಲಿ ಇಲಿಯನ್ನು ಮುಗಿಸಿಬಿಡುತ್ತಿದ್ದ. “ಎಲ್ಲ ಸರಿಯಿದೆಯಾ?” “ಹೂಂ.” “ಸರಿ ಹಾಗಾದ್ರೆ.” ಈ ವರ್ಷ ಕೋಪನ್‌ಹೇಗನ್ನಿನ ಮುಖ್ಯ ಕಚೇರಿಯಿಂದ ಸಿಸೆಲ್ ಬಂದಳು. ಕಂಪನಿಯ ಜನರನ್ನು ಮುಂದಿನ ಕಾಲಕ್ಕೆ ತಯಾರು ಮಾಡುವುದು ಅವಳ ಕೆಲಸ. ಬಂದ ಮಾರನೆಯ ದಿನ ಯಾರೋ ಅವಳ ಬಾಗಿಲಿನ ಹಿಡಿಗೆ ಸತ್ತ ಇಲಿಯೊಂದನ್ನು ಬಾಲದಲ್ಲಿ ಕಟ್ಟಿ ನೇತುಹಾಕಿದ್ದರು. ಅವಳು ಅದನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಊಟದ ಕೋಣೆಗೆ ತಂದು ಮೇಜಿನ ಮೇಲಿಟ್ಟಳು.

“ಯಾರೋ ತಮ್ಮ ಊಟ ನನ್ನ ಬಾಗಿಲಲ್ಲಿ ಬಿಟ್ಟು ಬಂದಿದೀರ.”

ಕಾರ್ಮಿಕರ ಪ್ರತಿನಿಧಿ ಟೋರ್ಕಿಲ್ ಕೂಡ ನಕ್ಕುಬಿಟ್ಟ. ಅವನು ನಗುವುದು ಅಪರೂಪ.

ಅವತ್ತೇ ಅವಳು ವಿಷಯ ಹೇಳಿದ್ದು. ಬರುವ ವರ್ಷ ಈ ಹಾಲ್‌ನಲ್ಲಿ ತೊಡೆಯ ಮೂಳೆ ಬಿಡಿಸುವುದು ಯಂತ್ರ. ಯಂತ್ರಗಳನ್ನು ನೋಡಿಕೊಳ್ಳಲು ಕೆಲವರು ಬೇಕು. “ಹೊರಗಿನವರನ್ನ ತರೋಕೆ ನನಗೆ ಇಷ್ಟ ಇಲ್ಲ. ನೀವೇ ಈ ಕಂಪನಿಯ ಬಂಡವಾಳ.”

“ಹೊರಗೆ ಲಾರೀಲಿ ಕಿರುಚ್ತಾ ಇದೆಯಲ್ಲ, ಅದು?” ಎಂದು ಹಿಂದಿನಿಂದ ಕ್ರೆಸ್ಟನ್ ಕೇಳಿದ. ಅವನು ಆಸ್ಗರನ ಹೆಂಡತಿಯ ತಮ್ಮ, ಮಾಂಸ ಸಾಗುವ ಬೆಲ್ಟಿನ ಆಚೆ ಬದಿಯಲ್ಲಿ ಆಸ್ಗರನ ಎದುರಿಗೇ ನಿಂತು ಕೆಲಸ ಮಾಡುವವನು. “ಅದೂ ಬಂಡವಾಳವೇ ತಾನೆ?”

“ಅದನ್ನ ಬೆಳೆಸಿ ಆಗಿದೆ,” ಎಂದಳು ಸಿಸೆಲ್. “ನಿನ್ನನ್ನ ಬೆಳೆಸೋದು ಬಾಕಿ ಇದೆ.”

ಮತ್ತೆ ನಗು. ಆಮೇಲೆ ಅವಳು ನೆಲದ ಆ ಹಳದಿ ಪಟ್ಟಿಯನ್ನು ತೋರಿಸಿದಳು. ಈ ತುದಿಗೆ ಒಂದು, ಆ ತುದಿಗೆ ಐದು. ತನ್ನ ಕೆಲಸದಲ್ಲಿ ತಾನು ಎಷ್ಟು ಗಟ್ಟಿ, ಹೊಸದಕ್ಕೆ ಎಷ್ಟು ತಯಾರು, ಅದನ್ನು ಯೋಚಿಸಿ ಒಬ್ಬೊಬ್ಬರೂ ತಮ್ಮ ಜಾಗದಲ್ಲಿ ನಿಲ್ಲಬೇಕು.

ಬೂಟುಗಳು ಸದ್ದು ಮಾಡಿದವು. ಎಲ್ಲರೂ ಹೋಗಿ ಎರಡರ ಸುತ್ತ ಗುಂಪಾದರು, ಬಸ್ಸಿಗೆ ಕಾಯುವವರ ಹಾಗೆ. ಟೋರ್ಕಿಲ್ ಒಂದು ಹೆಜ್ಜೆ ಮೂರರ ಕಡೆಗಿಟ್ಟು, ಕೆಮ್ಮಿ, ಹಿಂದಕ್ಕೆ ಬಂದ. ಮಾತಾಡುತ್ತ, ಆಚೆ ನೋಡುತ್ತ ಕೊಯ್ದರೂ ಉಗುರಿನಷ್ಟು ಮಾಂಸವನ್ನೂ ಮೂಳೆಗೆ ಬಿಡದ ಕ್ರೆಸ್ಟನ್ ಕೂಡ ಎರಡರ ಮೇಲೆ ಕೈಕಟ್ಟಿ ನಿಂತ. ಆ ಸೀಮೆಯಲ್ಲಿ ಕಾಫಿಯನ್ನೂ ಮೊದಲ ಸಲ ಕೇಳಿದಾಗ ಬೇಡ ಎನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ, ಅರ್ಧ ಲೋಟ ಸಾಕು ಎನ್ನುತ್ತಾರೆ. ಆಮೇಲೆ ಪಾತ್ರೆ ಖಾಲಿಯಾಗುವವರೆಗೆ ಕುಡಿಯುತ್ತಾರೆ. ಎರಡರ ಮೇಲೆ ನಿಂತವರೆಲ್ಲ ಅವಳು ಇನ್ನೊಮ್ಮೆ ಕೇಳುವುದನ್ನು ಕಾಯುತ್ತಿದ್ದರು.

ಆಸ್ಗರ್ ಐದಕ್ಕೆ ಹೋಗಿ ನಿಂತ.

ತಾನು ಹೋಗುತ್ತೇನೆಂದು ಅವನಿಗೂ ಗೊತ್ತಿರಲಿಲ್ಲ. ಭುಜ ಕರೆದುಕೊಂಡು ಹೋಯಿತು. ಬಲಭುಜದೊಳಗೆ ಏನೋ ಸವೆದು ಹೋಗಿತ್ತು. ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ತೋಳನ್ನು ಎಡಗೈಯಿಂದ ಎತ್ತಿ ತೂರಿಸಬೇಕಾಗುತ್ತಿತ್ತು. ಇದು ಅವನ ಹೆಂಡತಿ ಬೋದಿಲ್‌ಗೆ ಮಾತ್ರ ಗೊತ್ತು. ಸೊಂಟದ ಎತ್ತರದಲ್ಲಿ ಚೂರಿ ಇನ್ನೂ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತಿತ್ತು. ಎಷ್ಟು ದಿನ ಹೋದೀತು? ಎರಡರ ಮೇಲೆ ನಿಂತು ಕಾಯುವಷ್ಟು ಭುಜ ಅವನಲ್ಲಿ ಉಳಿದಿರಲಿಲ್ಲ.

“ನಿನ್ನ ಹೆಸರು?”

“ಆಸ್ಗರ್.”

“ಐದು ಯಾಕೆ, ಆಸ್ಗರ್?”

“ನಾನು ಚೆನ್ನಾಗಿ ಮಾಡ್ತೀನಿ. ಅದಕ್ಕೆ.”

ಇಪ್ಪತ್ತು ವರ್ಷದಲ್ಲಿ ಅಲ್ಲಿ ಯಾರೂ ತನ್ನ ಬಗ್ಗೆ ಆ ವಾಕ್ಯವನ್ನು ಆಡಿರಲಿಲ್ಲ. ಆಸ್ಗರ್ ಬಟ್ಟೆ ಬಿಚ್ಚಿ ನಿಂತಿದ್ದರೂ ಅವರು ಇಷ್ಟು ಮುಜುಗರಪಡುತ್ತಿರಲಿಲ್ಲ.

ಸಿಸೆಲ್ ಇನ್ನೊಮ್ಮೆ ಕೇಳಲಿಲ್ಲ. ಅವಳ ಊರಿನಲ್ಲಿ ಎರಡು ಅಂದರೆ ಎರಡು. ಎಲ್ಲರಿಗೂ ಧನ್ಯವಾದ ಹೇಳಿ ಪಟ್ಟಿಯನ್ನು ಕಿತ್ತು ಸುತ್ತಿಟ್ಟುಕೊಂಡಳು. ವಾರದೊಳಗೆ ಸುದ್ದಿ ಬಂತು. ಶಾಲೆಗೆ ಆಸ್ಗರ್ ಹೋಗುತ್ತಾನೆ. ಉಳಿದ ಜಾಗಗಳಿಗೆ ತಾಂತ್ರಿಕ ಶಾಲೆಯಲ್ಲಿ ಕಲಿತು ಬಂದವರನ್ನು ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಇಲ್ಲಿನವರಿಗೆ ತಮ್ಮ ಮೇಲೆ ಭರವಸೆ ಸಾಲದು.

ಜೊತೆಯವರು ಮೊದಲು ಅವನ ಚೂರಿಯ ತಂಟೆಗೆ ಬಂದರು.

ಮೂಳೆ ಬಿಡಿಸುವವನ ಚೂರಿಯನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಆಸ್ಗರ್ ಕಾಫಿಗೆ ಹೋಗಿ ಬಂದು, ಚೂರಿ ಹಿಡಿದು, ತೊಡೆಯ ಕೀಲಿಗೆ ತೂರಿಸಿ ಎಳೆದ. ಅದು ಕೊಯ್ಯಲಿಲ್ಲ. ಎಳೆದ ಬಲಕ್ಕೆ ಜಾರಿ, ಮಾಂಸದಿಂದ ಚಿಮ್ಮಿ, ಅವನ ತೊಡೆಸಂದಿಗೇ ಬಂದು ಬಡಿಯಿತು. ಉಕ್ಕಿನ ಬಳೆಗಳಿಂದ ಹೆಣೆದ ಏಪ್ರನ್ ಕಿರುಗುಟ್ಟಿತು. ಅದಿಲ್ಲದಿದ್ದರೆ ನರ ಹರಿದು, ಕೊಕ್ಕೆಗೆ ನೇತುಬಿದ್ದ ಹಂದಿಯಷ್ಟೇ ಬೇಗ ಅವನೂ ಖಾಲಿಯಾಗುತ್ತಿದ್ದ. ಅಲಗನ್ನು ಬೆಳಕಿಗೆ ಹಿಡಿದು ನೋಡಿದ. ಯಾರೋ ಅದನ್ನು ಮೇಜಿನ ಅಂಚಿಗೆ ಹಾಕಿ ಉದ್ದಕ್ಕೂ ತಿಕ್ಕಿ ಮೊಂಡು ಮಾಡಿದ್ದರು.

“ಏನಾಯ್ತು ಐದು?” ಎಂದ ಕ್ರೆಸ್ಟನ್ ತಲೆಯೆತ್ತದೆ. “ಚೂರಿ ಬೇಜಾರು ಮಾಡ್ಕೊಂಡಿದೆಯಾ?”

ಅವತ್ತಿನಿಂದ ಅವನ ಹೆಸರು ಐದು. ಐದು, ಉಪ್ಪು ಕೊಡು. ಐದು ಬಂತು, ದಾರಿ ಬಿಡ್ರೋ. ಬೂಟಿನೊಳಗೆ ಕಾಲಿಟ್ಟರೆ ಬೆರಳ ಸಂದಿಗೆ ಹೆಪ್ಪುಗಟ್ಟಿದ ರಕ್ತ ಬಂತು. ಊಟದ ಡಬ್ಬಿ ತೆರೆದರೆ ರೈ ಬ್ರೆಡ್ಡಿನ ಮೇಲೆ ಹಂದಿಯ ಎರಡು ಕಣ್ಣುಗಳು ಒಳ್ಳೆಯ ಅಂತರ ಬಿಟ್ಟು ಕೂತು ಅವನನ್ನು ನೋಡುತ್ತಿದ್ದವು. ಅವನು ಕಣ್ಣುಗಳನ್ನು ಪಕ್ಕಕ್ಕಿಟ್ಟು ಬ್ರೆಡ್ ತಿಂದ. ಅದು ಅವರಿಗೆ ಸರಿ ಹೋಗಲಿಲ್ಲ. ಒದರಿದ್ದರೆ ಅವರಿಗೆ ತೃಪ್ತಿಯಾಗುತ್ತಿತ್ತೇನೋ.

ಮೇಲಿನ ಕಂಬಿಯ ಮೇಲೆ ಅರ್ಧರ್ಧ ಸೀಳಿದ ಹಂದಿಗಳು ಸಾಲಾಗಿ ಜಾರುತ್ತ ಬರುತ್ತವೆ. ಒಂದು ಮಧ್ಯಾಹ್ನ ಅವುಗಳಲ್ಲಿ ಒಂದನ್ನು ಯಾರೋ ಓಡಿ ಬಂದು ನೂಕಿದರು. ಒಬ್ಬ ಗಂಡಸಿನಷ್ಟು ತೂಕದ, ತಣ್ಣಗಿನ ಮಾಂಸ ಹಿಂದಿನಿಂದ ಬಂದು ಆಸ್ಗರನ ಬಲಭುಜಕ್ಕೆ ಅಪ್ಪಳಿಸಿತು. ಅವನು ಬೆಲ್ಟಿನ ಮೇಲೆ ಮುಖವಡಿಯಾಗಿ ಬಿದ್ದ. ಚೂರಿ ಕೈಯಲ್ಲೇ ಇತ್ತು. ಬೀಳುವಾಗ ಅದನ್ನು ಎಲ್ಲಿ ಹಿಡಿಯಬೇಕೆಂದು ಮೈಗೆ ಗೊತ್ತಿತ್ತು, ಅದಕ್ಕೇ ಕುತ್ತಿಗೆ ಉಳಿಯಿತು. ಬೆಲ್ಟು ಅವನನ್ನು ತೊಡೆಗಳ ನಡುವೆ ಇನ್ನೊಂದು ತೊಡೆಯೆಂಬಂತೆ ಒಯ್ಯುತ್ತಿತ್ತು. ಟೋರ್ಕಿಲ್ ಕೆಂಪು ಗುಂಡಿ ಒತ್ತುವ ಮೊದಲು ಸ್ವಲ್ಪ ಹೊತ್ತು ನೋಡಿದ.

“ಬೆನ್ನಲ್ಲೂ ಕಣ್ಣಿರ್ಬೇಕು ಐದು ಅನ್ನೋರಿಗೆ,” ಎಂದು ಯಾರೋ ಹೇಳಿದರು.

ಆಸ್ಗರ್ ಎದ್ದ. ಮೂಗಿನಿಂದ ರಕ್ತ ತುಟಿಗಿಳಿಯುತ್ತಿತ್ತು. ಯಾರು ನೂಕಿದ್ದೆಂದು ಅವನಿಗೆ ಗೊತ್ತು. ನೂಕಿದವನು ಇನ್ನೂ ಏದುಸಿರು ಬಿಡುತ್ತಿದ್ದ. ಅವನ ಗಂಟಲಿನ ಆ ಮೃದುವಾದ ತಗ್ಗಿನ ಕಡೆ ಆಸ್ಗರ್ ಒಂದು ಗಳಿಗೆ ನೋಡಿದ. ಎಲ್ಲಿ ಒತ್ತಿದರೆ ಏನು ಬಿಡುತ್ತದೆಂದು ಅವನಿಗೆ ಹೊಟ್ಟೆಪಾಡಿನ ಕೆಲಸವೇ ಕಲಿಸಿತ್ತು. ಚೂರಿಯನ್ನು ಮೇಜಿನ ಮೇಲಿಟ್ಟ, ಕೈಗಳನ್ನು ಏಪ್ರನ್ನಿನ ಹಿಂದೆ ಸೇರಿಸಿಕೊಂಡ. ಎಲ್ಲರೂ ಆ ಕೈಗಳನ್ನೇ ನೋಡುತ್ತಿದ್ದರು.

ಭಾನುವಾರ ಕ್ರೆಸ್ಟನ್ ಅಕ್ಕನ ಮನೆಗೆ ಊಟಕ್ಕೆ ಬಂದ. ಏನೂ ಆಗಿಲ್ಲವೆಂಬಂತೆ ಬೂಟು ಕಳಚಿ ಬಾಗಿಲ ಬಳಿ ಜೋಡಿಸಿಟ್ಟ. ಬೋದಿಲ್ ಚರ್ಮ ಗರಿಗರಿಯಾಗುವಂತೆ ಹುರಿದ ಹಂದಿಮಾಂಸ, ಬೇಯಿಸಿದ ಆಲೂಗಡ್ಡೆ, ಕೆಂಪು ಕೋಸು ತಂದಿಟ್ಟಳು. ಮೂವರೂ ತಿಂದರು. ಬಾಯೊಳಗೆ ಚರ್ಮ ಮುರಿಯುವ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ. ಬೋದಿಲ್ ಸಾರಿನ ಪಾತ್ರೆ ತುಂಬಿಸಲು ಒಳಗೆ ಹೋದಾಗ ಕ್ರೆಸ್ಟನ್ ಮುಳ್ಳುಚಮಚ ಕೆಳಗಿಟ್ಟ.

“ನೀನು ಹೇಳ್ಬಹುದಿತ್ತು, ಭಾವ.”

“ಏನನ್ನ?”

“ಇನ್ನೊಂದ್ಸಲ ಕೇಳು ಅಂತ. ಆ ಹುಡುಗಿ ಹೊರಗಿನೋಳು, ಅವಳಿಗೆ ಗೊತ್ತಿಲ್ಲ. ನೀನು ಇಲ್ಲಿ ಹುಟ್ಟಿದೋನು.”

“ನಿನಗೆ ಬಾಯಿರ್ಲಿಲ್ವಾ?”

“ಬಾಯಿತ್ತು. ಮಾನಾನೂ ಇತ್ತು.”

“ಹಾಗಾದ್ರೆ ಮಾನ ಇಟ್ಕೊ.”

ಕ್ರೆಸ್ಟನ್ ಮೇಜಿನ ಮೇಲಿಂದ ಬಾಗಿ ಆಸ್ಗರನ ಕೊರಳಪಟ್ಟಿ ಹಿಡಿದ. ಲೋಟವೊಂದು ಉರುಳಿ ಬಿಯರ್ ಹರಿಯಿತು. “ನನಗೂ ಆ ಶಾಲೆ ಬೇಕಿತ್ತು ಕಣೋ. ನಿನಗಿಂತ ಹತ್ತು ವರ್ಷ ಚಿಕ್ಕೋನು ನಾನು. ನನ್ನ ಮುಂದೆ ಹತ್ತು ವರ್ಷ ಇತ್ತು. ನೀನು ನಮ್ಮೆಲ್ಲರ ಬೆನ್ನ ಮೇಲೆ ಹತ್ತಿ ನಿಂತೆ.”

“ಕೈ ತೆಗಿ.”

“ಹೊಡಿ. ಇದು ಕಾರ್ಖಾನೆ ಅಲ್ಲ. ಇಲ್ಲಿ ಹೊಡಿ, ನೋಡೋಣ.”

ಬೋದಿಲ್ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಸ್ಗರ್ ಹೊಡೆಯಲಿಲ್ಲ. ಕ್ರೆಸ್ಟನ್ ಕೈಬಿಟ್ಟು, ಬೂಟು ಹಾಕಿಕೊಂಡು, ಅಕ್ಕನಿಗೆ ಊಟ ಚೆನ್ನಾಗಿತ್ತೆಂದು ಹೇಳಿ ಹೋದ. ಅವಳು ಅವನ ಹಿಂದೆಯೇ ಹೋದಳು. ಅಂಗಳದಲ್ಲಿ ಅವಳ ದನಿ ತುಂಬ ಹೊತ್ತು ಕೇಳಿಸುತ್ತಿತ್ತು, ಮಾತು ಮಾತ್ರ ತಿಳಿಯಲಿಲ್ಲ. ಆಸ್ಗರ್ ಬಟ್ಟೆ ತಂದು ಬಿಯರ್ ಒರೆಸಿದ.

ಸೋಮವಾರ ಚೂರಿ ತೊಳೆಯುವ ಜಾಗದಲ್ಲಿ ಅವನನ್ನು ಹಿಡಿದುಕೊಂಡರು. ಗೋಡೆಗೆ ಹೊಂದಿಕೊಂಡ ಉಕ್ಕಿನ ಡಬ್ಬಿಯಲ್ಲಿ ಇಡೀ ದಿನ ನೀರು ಕುದಿಯುವಷ್ಟು ಬಿಸಿಯಿರುತ್ತದೆ. ಚೂರಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಇಬ್ಬರು ಹಿಂದಿನಿಂದ ತೋಳು ಹಿಡಿದರು, ಒಬ್ಬ ಎಡಗೈಯ ಗವಸು ಎಳೆದ. ಎಲ್ಲರ ಮುಖ ಗೋಡೆಯ ಕಡೆಗಿತ್ತು, ದೂರದಿಂದ ನೋಡಿದವರಿಗೆ ಚೂರಿ ತೊಳೆಯುತ್ತಿದ್ದಾರೆ ಎನಿಸಬೇಕು.

“ಐದು ಬೆರಳು,” ಎಂದು ಒಬ್ಬ ಕಿವಿಯಲ್ಲಿ ಹೇಳಿದ. “ಎಣಿಸಿ ನೋಡು, ಇದೆಯಾ ಎಲ್ಲ?”

ಬೆರಳುಗಳು ನೀರಿಗೆ ಹೋದವು. ಆಸ್ಗರ್ ಹಲ್ಲು ಕಚ್ಚಿದ. ಹಲ್ಲಿನ ಚೂರೊಂದು ಮುರಿದು ನಾಲಿಗೆಯ ಮೇಲೆ ಬಿತ್ತು. ಕೂಗಲಿಲ್ಲ, ಒದೆಯಲಿಲ್ಲ. ಆಗಸ್ಟ್, ಆಗಸ್ಟ್ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅವರು ಬಿಟ್ಟಾಗ ಕೈ ಬೆಂದ ಸೀಗಡಿಯ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ತಣ್ಣೀರು ಬಿಟ್ಟುಕೊಂಡು, ಗವಸಿನೊಳಗೆ ಮತ್ತೆ ತೂರಿಸಿ, ಬೆಲ್ಟಿಗೆ ಹೋಗಿ ನಿಂತ.

ಎದುರಿಗೆ ಕ್ರೆಸ್ಟನ್. ಹಿಡಿದುಕೊಂಡವರಲ್ಲಿ ಅವನಿರಲಿಲ್ಲ. ಆದರೂ ಅವನು ಅವತ್ತು ಭಾವನ ಕೈಗಳನ್ನು ನೋಡುತ್ತಿರಲಿಲ್ಲ. ಬೇರೆಲ್ಲೋ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅವನು ನೋಡುತ್ತಿರುವುದು ತನ್ನ ಬಲಭುಜವನ್ನು ಎಂದು ಆಸ್ಗರನಿಗೆ ಹೊಳೆಯಿತು.

ಪಾಳಿ ಮುಗಿಯುವ ಮೊದಲು ಬೆಲ್ಟು ನಿಂತು, ನೆಲಕ್ಕೆ ನೀರು ಬಿಡುವ ಹೊತ್ತು. ಎಲ್ಲರೂ ಚೂರಿಗಳನ್ನು ಪೆಟ್ಟಿಗೆಯಲ್ಲಿಟ್ಟಾಗಿತ್ತು.

“ಭಾವ,” ಎಂದ ಕ್ರೆಸ್ಟನ್, ಎಲ್ಲರಿಗೂ ಕೇಳುವಂತೆ. “ಆ ಕೊಕ್ಕೆ ತೆಗೆದುಕೊಡು.”

ತಲೆಯ ಮೇಲಿನ ಕಂಬಿಯಲ್ಲಿ ಖಾಲಿ ಕೊಕ್ಕೆಯೊಂದು ನೇತಾಡುತ್ತಿತ್ತು. ಆಸ್ಗರ್ ಸುಟ್ಟ ಎಡಗೈಯನ್ನು ಎತ್ತಿದ.

“ಅದರಲ್ಲಲ್ಲ. ಇನ್ನೊಂದರಲ್ಲಿ.”

“ನಿನಗೆ ಬೇಕಾದ್ರೆ ನೀನೇ ತಗೊ.”

“ಆಗಲ್ಲ ಇವನಿಗೆ.” ಕ್ರೆಸ್ಟನ್ ಬೇರೆಯವರ ಕಡೆ ತಿರುಗಿದ. “ಗೊತ್ತಾ? ಭುಜ ಕೊಳೆತು ಹೋಗಿದೆ. ಬೆಳಿಗ್ಗೆ ಅಂಗಿ ತೊಡಿಸೋಕೆ ಹೆಂಡತಿ ಬೇಕು. ಐದಂತೆ! ಇವನ ಬಂಡವಾಳ ಇಷ್ಟೇ. ಇವನು ಎರಡಕ್ಕೂ ಸಾಲಲ್ಲ.”

ಯಾರೂ ನಗಲಿಲ್ಲ. ಟೋರ್ಕಿಲ್ ಪೈಪು ಹಿಡಿದು ನಿಂತಿದ್ದ. ನೀರು ಒಂದೇ ಕಡೆ ಬೀಳುತ್ತಿತ್ತು. ಆಸ್ಗರನಿಗೆ ಸುಟ್ಟ ಬೆರಳುಗಳು ಮರೆತೇ ಹೋದವು. ಇಷ್ಟು ದಿನ ಅವರು ಹೊಡೆಯುತ್ತಿದ್ದದ್ದು ತಾನು ಚೆನ್ನಾಗಿ ಕೆಲಸ ಮಾಡುತ್ತೇನೆ ಎಂದವನನ್ನು. ಅದನ್ನು ತಡೆದುಕೊಳ್ಳಬಹುದಿತ್ತು, ಹೇಳಿದ್ದು ನಿಜವಾಗಿತ್ತು. ಈಗ ಅವರು ಒಬ್ಬ ಸುಳ್ಳುಗಾರನನ್ನು ನೋಡುತ್ತಿದ್ದರು.

“ಎತ್ತು,” ಎಂದ ಕ್ರೆಸ್ಟನ್. “ಎತ್ತಿಬಿಡು, ನಾನು ಬಾಯಿ ಮುಚ್ಕೋತೀನಿ.”

ಹತ್ತಿರ ಬಂದು ಆಸ್ಗರನ ಬಲ ಮಣಿಕಟ್ಟು ಹಿಡಿದು, ತಾನೇ ಮೇಲಕ್ಕೆತ್ತಿದ. ಕೈ ಎದೆಯ ಮಟ್ಟ ದಾಟಿತು. ಭುಜದೊಳಗೆ ಏನೋ ಹಸಿ ಕಟ್ಟಿಗೆಯ ಹಾಗೆ ಸೀಳಿತು. ಕಿವಿಯ ಮಟ್ಟ. ಆಸ್ಗರನ ಬಾಯಿಂದ ಒಂದು ಸದ್ದು ಹೊರಟಿತು. ಅವನಿಗೆ ಅದರ ಪರಿಚಯವಿತ್ತು, ದಿನವೂ ಲಾರಿಗಳಿಂದ ಕೇಳಿಸುತ್ತಿತ್ತು.

“ಇನ್ನೂ ಇದೆ, ಇನ್ನೂ ಇದೆ,” ಎಂದು ಕ್ರೆಸ್ಟನ್ ಮಗುವಿಗೆ ಹೇಳುವ ಹಾಗೆ ಹೇಳುತ್ತ ಎತ್ತುತ್ತಲೇ ಇದ್ದ.

ಆ ಕೈಯಿಂದಲೇ ಆಸ್ಗರ್ ಹೊಡೆದ. ಕ್ರೆಸ್ಟನ್ನನ ಹಿಡಿತದಿಂದ ಅದನ್ನು ಕೆಳಕ್ಕೆ ಕಿತ್ತುಕೊಂಡು, ಮೈಯ ಇಡೀ ಭಾರವನ್ನು ಹಿಂದೆ ಹಾಕಿ, ಕಿವಿಯ ಕೆಳಗೆ ದವಡೆ ಕೀಲು ಸೇರುವ ಜಾಗಕ್ಕೆ ಗುದ್ದಿದ. ಕೀಲು ಎಲ್ಲಿ ಬಿಡುತ್ತದೆಂದು ಅವನಿಗೆ ಹುಡುಕಬೇಕಾಗಿರಲಿಲ್ಲ. ದವಡೆ ಬಿಟ್ಟಿತು. ಅವನ ಬೆರಳಿನ ಮೂಳೆಗಳೂ ಬಿಟ್ಟವು. ಕ್ರೆಸ್ಟನ್ ತಿರುಗಿ, ಬಾಯಿ ಉಕ್ಕಿನ ಮೇಜಿನ ಅಂಚಿಗೆ ಬಡಿದು, ಜಾರಿ ಕೆಳಗೆ ಕೂತ. ಎರಡು ಹಲ್ಲು ನೀರಿನ ಜೊತೆ ತೇಲುತ್ತ ಮೋರಿಯ ಜಾಲರಿಗೆ ಹೋಗಿ ಸಿಕ್ಕಿಕೊಂಡವು. ಬಿಳಿ ಅಂಗಿಯ ಮೇಲೆ ಹಂದಿಯ ರಕ್ತ ಕಂದಾಗಿತ್ತು, ಅವನದು ಇನ್ನೂ ಕೆಂಪಾಗಿತ್ತು.

ಗಾಜಿನ ಗೋಡೆಯ ಹಿಂದಿನ ಮೆಟ್ಟಿಲಿನಿಂದ ಸಿಸೆಲ್ ಓಡಿ ಬಂದಳು. ಯಂತ್ರ ಕೂರಿಸುವವರಿಗೆ ಜಾಗ ತೋರಿಸುತ್ತಿದ್ದಳು. ಬಿದ್ದ ಸದ್ದು ಕೇಳಿಸಿತ್ತು, ಹೊಡೆದದ್ದು ಕಂಡಿರಲಿಲ್ಲ. ಕ್ರೆಸ್ಟನ್ನನ ಪಕ್ಕ ಮಂಡಿಯೂರಿ ಅವನ ತಲೆ ಹಿಡಿದುಕೊಂಡಳು. ಅವಳ ಬೂಟು ಸಣ್ಣಗೆ ಜಾರಿತು.

“ಏನಾಯ್ತು?”

ಟೋರ್ಕಿಲ್ ಪೈಪನ್ನು ಎತ್ತಿ ತೋರಿಸಿದ.

“ನೆಲ ಜಾರುತ್ತೆ ಇಲ್ಲಿ. ಎಷ್ಟು ಸಲ ಹೇಳಿಲ್ಲ ನಿಮಗೆಲ್ಲ.”

“ಜಾರುತ್ತೆ,” ಎಂದು ಇನ್ನೊಬ್ಬ ಹೇಳಿದ.

ಅವಳು ತಲೆಯೆತ್ತಿ ಆಸ್ಗರನನ್ನು ನೋಡಿದಳು. ಅವನ ಬಲಗೈ ಊದಿಕೊಳ್ಳುತ್ತಿತ್ತು. ಅವಳು ದಡ್ಡಿಯಲ್ಲ. ಆದರೂ ಅವಳ ಮುಖದಲ್ಲಿ ಒಂದು ಬೇಡಿಕೆಯಿತ್ತು. ಇಲ್ಲಿಂದ ಅವಳು ಬೆಳೆಸಿ ತೋರಿಸಬಹುದಾಗಿದ್ದವನು ಅವನೊಬ್ಬನೇ. “ಜಾರಿ ಬಿದ್ನಾ, ಆಸ್ಗರ್?”

ಹೂಂ ಎಂದರೆ ಸಾಕಿತ್ತು. ಅಲ್ಲಿದ್ದವರೆಲ್ಲ ಆ ಹೂಂಗೆ ಜಾಗ ಬಿಟ್ಟು ನಿಂತಿದ್ದರು. ಅವನ ಕೈ ಸುಟ್ಟವರು, ಹಂದಿ ನೂಕಿದವನು, ಎಲ್ಲರೂ. ದ್ವೇಷ ಮುಗಿದಿತ್ತು, ತಮ್ಮ ಹಾಗೆ ಕೈ ಎತ್ತಿದವನನ್ನು ಅವರು ವಾಪಸ್ ಕರೆದುಕೊಳ್ಳಲು ತಯಾರಿದ್ದರು. ಅವನಿಗೆ ಶಾಲೆಯೂ ಸಿಗುತ್ತಿತ್ತು. ನೆಲದ ಮೇಲಿಂದ ಕ್ರೆಸ್ಟನ್ ಕೂಡ, ವಕ್ರವಾದ ಬಾಯಿ ಹಿಡಿದುಕೊಂಡು ಅವನನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಭಾವ ಈಗ ಸುಳ್ಳು ಹೇಳುತ್ತಾನೆ ಎಂಬ ನೆಮ್ಮದಿ ಇತ್ತು.

“ಇಲ್ಲ,” ಎಂದ ಆಸ್ಗರ್. “ನಾನು ಹೊಡೆದೆ.”

“ಲೋ,” ಎಂದ ಟೋರ್ಕಿಲ್ ಮೆಲ್ಲಗೆ.

“ನಾನೇ ಹೊಡೆದೆ. ಚೆನ್ನಾಗಿ ಹೊಡೆದೆ.”

ಸಿಸೆಲ್ ಕಣ್ಣುಮುಚ್ಚಿ ತೆರೆದಳು. “ನಿಯಮ ನಿನಗೆ ಗೊತ್ತಲ್ಲ.”

“ಗೊತ್ತು.”

ಅವನು ಬಟ್ಟೆ ಬದಲಾಯಿಸುವ ಕೋಣೆಗೆ ಹೋದ. ಒಂದು ಕೈ ಸುಟ್ಟಿತ್ತು, ಇನ್ನೊಂದು ಮುರಿದಿತ್ತು. ಏಪ್ರನ್ನಿನ ಹಿಂದಿನ ಕೊಂಡಿ ಬಿಚ್ಚಲಾಗಲಿಲ್ಲ. ಯಾರನ್ನೂ ಕೇಳಲಿಲ್ಲ. ಉಕ್ಕಿನ ಏಪ್ರನ್ ತೊಟ್ಟುಕೊಂಡೇ ಗೇಟು ದಾಟಿ, ಗಾಳಿಯಲ್ಲಿ ಕಾರುಗಳ ನಡುವೆ ನಿಂತ. ಸಿಸೆಲ್ ಫೋನ್ ಮಾಡಿರಬೇಕು, ಬೋದಿಲ್ ಬಂದಳು. ಅವಳಿಗೆ ಎಷ್ಟು ಹೇಳಿದ್ದರೋ. ಬಾಗಿಲು ತೆಗೆದು ಅವನನ್ನು ಕೂರಿಸಿ, ಸೀಟಿನ ಬೆಲ್ಟು ಹಾಕಿದಳು. ರಸ್ತೆ ನೋಡುತ್ತ ಓಡಿಸಿದಳು.

“ನಿಜವಾಗ್ಲೂ ನೀನೇ ಹೊಡೆದಿದ್ದಾ?”

“ಹೊಡೆದಿದ್ದು ನಾನು. ನಿನ್ನ ತಮ್ಮನಿಗೆ.”

“ಬದುಕಿದಾನಾ?”

“ದವಡೆ ಹೋಗಿದೆ.”

ಹೊಲಗಳು ಹಿಂದೆ ಸರಿದವು. ಗೊಬ್ಬರದ ವಾಸನೆ ಕಾರಿನೊಳಗೆ ಬಂತು.

“ಭುಜದ ವಿಷಯ ಅವನಿಗೆ ಹೇಳಿದ್ದು ನಾನು,” ಎಂದಳು. “ಭಾನುವಾರ. ಗೊತ್ತಾದ್ರೆ ನಿನ್ನನ್ನ ಬಿಡ್ತಾನೆ ಅಂದ್ಕೊಂಡೆ.”

“ಹೂಂ.”

“ಶಾಲೆ?”

“ಇಲ್ಲ.”

“ಜಾರಿ ಬಿದ್ದ ಅಂತ ಹೇಳ್ಬಹುದಿತ್ತಂತಲ್ಲ ನೀನು. ಅವಳು ಹೇಳಿದ್ಲು ಫೋನಲ್ಲಿ. ‘ನಾನೇ ಕೇಳಿದೆ, ಆಸ್ಗರ್ ಹೂಂ ಅನ್ನಲಿಲ್ಲ’ ಅಂದ್ಲು. ಅಳ್ತಿದ್ಲು.”

ಬೋದಿಲ್ ಕಾರನ್ನು ಮಣ್ಣಿನ ಅಂಚಿಗೆ ತಂದು ನಿಲ್ಲಿಸಿದಳು, ಬ್ರೇಕ್ ಎಳೆದಳು. ಸೀಟಿನಲ್ಲಿ ಅವನ ಕಡೆಗೆ ಪೂರ್ತಿ ತಿರುಗಿ, ಮುಷ್ಟಿ ಕಟ್ಟಿ ಅವನ ಎದೆಗೆ ಗುದ್ದಿದಳು. ಉಕ್ಕಿನ ಬಳೆಗಳು ಅವಳ ಗೆಣ್ಣುಗಳನ್ನು ಕಿತ್ತವು. ಅವಳು ನಿಲ್ಲಿಸಲಿಲ್ಲ. ಎರಡೂ ಕೈಯಿಂದ, ಒಂದೂ ಮಾತಾಡದೆ, ಅವನ ಎದೆಗೆ, ಕುತ್ತಿಗೆಗೆ, ಕೊನೆಗೆ ಆ ಭುಜಕ್ಕೆ. ತಡೆಯಲು ಅವನಿಗೆ ಕೈಗಳಿರಲಿಲ್ಲ. ಇದ್ದಿದ್ದರೂ ಎತ್ತುತ್ತಿರಲಿಲ್ಲ. ನೋವು ಬಂದಾಗಲೆಲ್ಲ ಕಣ್ಣಲ್ಲಿ ನೀರು ತುಂಬಿ ಹೊಲಗಳು ಅಲುಗಾಡಿದವು. ಲಾರಿಯೊಂದು ಕಾರ್ಖಾನೆಯ ಕಡೆಗೆ ಹಾದುಹೋಯಿತು. ಅದರ ಕಂಬಿಗಳ ನಡುವೆ ಮೂತಿಗಳು ಕಂಡವು.

ಸುಸ್ತಾದ ಮೇಲೆ ಅವಳು ಮುಂದಕ್ಕೆ ತಿರುಗಿ ಕೂತು, ರಕ್ತ ಬರುತ್ತಿದ್ದ ಗೆಣ್ಣುಗಳನ್ನು ಬಾಯಿಗಿಟ್ಟುಕೊಂಡಳು.

“ಆಸ್ಪತ್ರೇಲಿ ಅವನೂ ಇರ್ತಾನೆ,” ಎಂದಳು.

“ಇರ್ತಾನೆ.”

ಅವಳು ಬ್ರೇಕ್ ಇಳಿಸಿ, ಗೇರ್ ಹಾಕಿದಳು.